ಮೊದಲ ವಾರದ ಶೂರರು

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಬೇಸಗೆ ಬಂತೆಂದರೆ ಎರಡು ಬಗೆಯ ಕಾವು ಏಳುತ್ತದೆ. ಒಂದು ಸೂರ್ಯನಾರಾಯಣನದು; ಅದಕ್ಕೆ ಮಜ್ಜಿಗೆಯುಂಟು. ಇನ್ನೊಂದು ಐ.ಪಿ.ಎಲ್. ಕ್ರಿಕೆಟ್ಟಿನದು, ಅದಕ್ಕೆ ಮದ್ದಿಲ್ಲ. ತಂದೆ ಬೆಂಗಳೂರಿನ ಪಕ್ಷ. ಇಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ತೆಲುಗು ಕಲಿತ ಮಗ ಸನ್‌ರೈಸರ್ಸ್ ಪಕ್ಷ. ತಾಯಿಯಾದವರು ಎರಡು ಕಡೆಯ ಸೋಲುಗಳನ್ನೂ ನೆನಪಿನಲ್ಲಿಟ್ಟುಕೊಂಡು ಸಮಯ ನೋಡಿ ಎತ್ತಿ ಆಡುವವರು. ರಾಯಚೂರು, ಬೀದರ, ಕಲಬುರ್ಗಿಗಳ ಕಡೆಯ ಮನೆತನಗಳಲ್ಲಿ ಸಂಗತಿ ಇನ್ನೂ ತೊಡಕು. ೧೯೫೬ರವರೆಗೆ ಆ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿದ್ದಿತಷ್ಟೆ. ಆದುದರಿಂದ ಅವರಲ್ಲಿ ಕೆಲವರು ಎರಡು ತಂಡಗಳ ಮೇಲೂ ಹಕ್ಕು ಹೇಳುತ್ತಾರೆ. ಗೆದ್ದವರ ಮಗ್ಗುಲಲ್ಲಿ ನಿಲ್ಲುವುದಕ್ಕೆ ಇದು ಅನುಕೂಲವೂ ಹೌದು.

ಯಾರು ಯಾವ ಪಕ್ಷವಾದರೂ ಆಗಲಿ, ನಮಗೆ ಅದರಲ್ಲಿ ತಕರಾರಿಲ್ಲ. ನಮ್ಮ ತಕರಾರು ಮೊದಲ ವಾರದ ತೀರ್ಪಿನ ಬಗೆಗೆ. ಎರಡು ಪಂದ್ಯ ಮುಗಿಯುವಷ್ಟರಲ್ಲಿ ಇಂಥ ತಂಡಕ್ಕೇ ಕಪ್ಪು, ಇಂಥದು ಮನೆಗೆ ಹೋಯಿತು ಎಂದು ಮನೆಮನೆಯಲ್ಲೂ ಇತ್ಯರ್ಥವಾಗಿಬಿಡುತ್ತದೆ. ಮೊದಲ ಮಳೆ ಬಿದ್ದೊಡನೆ ಬೀಜ ಚೆಲ್ಲುವ ರೈತನನ್ನು ರಾಯಚೂರಿನ ಸೀಮೆಯಲ್ಲಿ ಯಾರೂ ಜಾಣನೆನ್ನರು. ಆದರೆ ಅದೇ ಸೀಮೆಯಿಂದ ಬಂದ ನಮ್ಮವರು ದೂರದರ್ಶನದ ಮುಂದೆ ಕುಳಿತೊಡನೆ ಆ ಬುದ್ಧಿಯನ್ನು ಮರೆಯುವುದು ಹೇಗೋ ತಿಳಿಯದು.

೨೦೨೫ರ ಮಾರ್ಚ್ ೨೩ನ್ನು ನಮ್ಮ ವಾಚಕರು ಮರೆತಿರಲಾರರು. ಉಪ್ಪಲಿನ ಮೈದಾನದಲ್ಲಿ ಸನ್‌ರೈಸರ್ಸ್ ತಂಡ ತನ್ನ ಮೊದಲ ಪಂದ್ಯದಲ್ಲಿಯೇ ರಾಜಸ್ಥಾನದ ಮೇಲೆ ೬ ವಿಕೆಟ್ಟಿಗೆ ೨೮೬ ರನ್ನು ಹೊಡೆಯಿತು. ಹಿಂದಿನ ವರ್ಷ ಬೆಂಗಳೂರಿನಲ್ಲಿ ತಾನೇ ಬರೆದಿದ್ದ ೨೮೭ರ ದಾಖಲೆಗೆ ಒಂದೇ ಒಂದು ಕಡಮೆ. ಹೊಸದಾಗಿ ತಂಡಕ್ಕೆ ಬಂದ ಇಶಾನ್ ಕಿಶನ್ ೪೭ ಚೆಂಡುಗಳಲ್ಲಿ ೧೦೬ ಹೊಡೆದು ಔಟಾಗದೆ ಉಳಿದರು. ಎದುರಾಳಿಗಳ ಜೋಫ್ರಾ ಆರ್ಚರ್ ನಾಲ್ಕು ಓವರುಗಳಲ್ಲಿ ೭೬ ರನ್ನು ತೆತ್ತರು, ಐ.ಪಿ.ಎಲ್.ನಲ್ಲಿ ಅಲ್ಲಿಯವರೆಗೆ ಯಾವ ಬೌಲರೂ ಅಷ್ಟು ತೆತ್ತಿರಲಿಲ್ಲ. ಅಂದು ರಾತ್ರಿ ಊರಿನಲ್ಲಿ ಉಳಿದಿದ್ದ ಪ್ರಶ್ನೆ ಒಂದೇ: ಮುನ್ನೂರು ಯಾವಾಗ?

ಮುನ್ನೂರು ಬರಲಿಲ್ಲ. ನಾಲ್ಕೇ ದಿನಗಳ ಮೇಲೆ, ಅದೇ ಉಪ್ಪಲಿನಲ್ಲಿ, ಲಖನೌ ತಂಡ ನಮ್ಮವರನ್ನು ೧೯೦ಕ್ಕೆ ಕಟ್ಟಿಹಾಕಿ, ಆ ಗುರಿಯನ್ನು ಹದಿನೇಳನೆಯ ಓವರಿನಲ್ಲಿಯೇ ಮುಟ್ಟಿ ಎದ್ದುಹೋಯಿತು. ಆಮೇಲೆ ವಿಶಾಖಪಟ್ಟಣದಲ್ಲಿ ದೆಹಲಿಯ ಕೈಯಲ್ಲಿ ಸೋಲು, ಕಲಕತ್ತೆಯಲ್ಲಿ ೧೨೦ಕ್ಕೆ ಎಲ್ಲರೂ ಔಟಾಗಿ ೮೦ ರನ್ನುಗಳ ಸೋಲು. ಮೊದಲ ದಿನ ನೂರಾರು ಹೊಡೆದ ಕಿಶನ್ನರು ಈ ಮೂರು ಪಂದ್ಯಗಳಲ್ಲಿ ಗಳಿಸಿದ್ದು ಒಟ್ಟು ನಾಲ್ಕು ರನ್ನು. ಏಪ್ರಿಲ್ ೬ರಂದು ಮತ್ತೆ ಉಪ್ಪಲಿಗೆ ಬಂದರೆ ಅಲ್ಲಿ ಗುಜರಾತಿನ ಪರವಾಗಿ ಕಾದಿದ್ದವರು ಯಾರು? ನಮ್ಮ ಹೈದರಾಬಾದಿನ ಹುಡುಗ, ಏಳು ವರ್ಷ ಬೆಂಗಳೂರಿಗೆ ಆಡಿ ಅಲ್ಲಿಂದ ಬಿಡುಗಡೆ ಹೊಂದಿದ ಮಹಮ್ಮದ್ ಸಿರಾಜ್. ಕೇವಲ ೧೭ ರನ್ನು ಕೊಟ್ಟು ನಾಲ್ಕು ವಿಕೆಟ್ಟು ಕಿತ್ತರು. ಆ ಸಂಜೆ ಅಪ್ಪನೂ ಮಗನೂ ಒಟ್ಟಿಗೆ ಪೆಚ್ಚಾದ ಮನೆಗಳು ನಮ್ಮಲ್ಲಿ ಹಲವು. ಒಬ್ಬರು ಬಿಟ್ಟುಕೊಟ್ಟದ್ದಕ್ಕೆ, ಇನ್ನೊಬ್ಬರು ಹೊಡೆಸಿಕೊಂಡದ್ದಕ್ಕೆ!

ಇದೊಂದೇ ವರ್ಷದ ಆಕಸ್ಮಿಕವೆಂದು ಹೇಳುವವರಿದ್ದಾರೆ. ಹಾಗಾದರೆ ಅದೇ ೨೦೨೫ರಲ್ಲಿ ದೆಹಲಿ ತಂಡವನ್ನು ನೋಡಿ. ಮೊದಲ ನಾಲ್ಕು ಪಂದ್ಯಗಳನ್ನೂ ಗೆದ್ದಿತು. ನಾಲ್ಕನೆಯದು ಚಿನ್ನಸ್ವಾಮಿ ಮೈದಾನದಲ್ಲಿ. ನಮ್ಮವರೇ ಆದ ಕೆ.ಎಲ್. ರಾಹುಲ್ ಔಟಾಗದೆ ೯೩ ಹೊಡೆದು, ನೆಲದ ಮೇಲೆ ದಾಂಡಿನಿಂದ ಗೆರೆ ಸುತ್ತಿ, ಇದು ತನ್ನ ನೆಲವೆಂದು ‘ಕಾಂತಾರ’ದ ರೀತಿಯಲ್ಲಿ ತೋರಿಸಿದ ದಿನ ಅದು. ಆ ತಂಡ ಕೊನೆಯಲ್ಲಿ ನಿಂತದ್ದು ಐದನೆಯ ಸ್ಥಾನದಲ್ಲಿ. ಮೊದಲ ನಾಲ್ಕು ಗೆದ್ದೂ ಮುಂದಿನ ಸುತ್ತಿಗೆ ಹೋಗದ ತಂಡ ಅದಕ್ಕೆ ಮುಂಚೆ ಇರಲೇ ಇಲ್ಲ. ಮೊದಲ ಐದರಲ್ಲಿ ನಾಲ್ಕು ಸೋತು, ಹಳೆಯ ಹೆಸರಿನ ಬಲದ ಮೇಲೆ ಬದುಕುತ್ತಿದೆಯೆಂದು ಎಲ್ಲರೂ ಬೈದ ಮುಂಬಯಿ ಮಾತ್ರ ನಾಲ್ಕನೆಯದಾಗಿ ಒಳಗೆ ಹೋಯಿತು.

ಇನ್ನು ಬೆಂಗಳೂರು. ಆ ವರ್ಷ ತಮ್ಮ ಊರಿನಲ್ಲಿಯೇ ಮೊದಲ ಮೂರು ಪಂದ್ಯಗಳನ್ನೂ ಸೋತರು. ಮನೆಯಲ್ಲಿ ಗೆಲ್ಲಲಾರದವರು ಹೊರಗೇನು ಗೆದ್ದಾರು ಎಂಬುದು ಲೋಕರೂಢಿಯ ಮಾತು. ಅವರು ಹೊರಗೂರಿನ ಲೀಗ್ ಪಂದ್ಯ ಏಳಕ್ಕೆ ಏಳನ್ನೂ ಗೆದ್ದು, ಜೂನ್ ೩ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ೬ ರನ್ನುಗಳಿಂದ ಸೋಲಿಸಿ, ಹದಿನೆಂಟನೆಯ ವರ್ಷದಲ್ಲಿ ಮೊದಲ ಬಾರಿಗೆ ಕಪ್ಪು ಎತ್ತಿದರು. ಮರುದಿನ ಚಿನ್ನಸ್ವಾಮಿ ಮೈದಾನದ ಹೊರಗೆ ನೂಕುನುಗ್ಗಲಿನಲ್ಲಿ ೧೧ ಮಂದಿ ಪ್ರಾಣ ಕಳೆದುಕೊಂಡರು. ಆದುದರಿಂದ ಆ ಗೆಲುವಿನ ಮಾತು ಬಂದಾಗಲೆಲ್ಲ ನಮ್ಮ ದನಿ ತಾನಾಗಿ ತಗ್ಗುತ್ತದೆ.

ಹಳೆಯ ಕಡತವನ್ನು ತಿರುವಿದರೆ ನಮ್ಮೆರಡು ಊರುಗಳಷ್ಟು ಈ ಪಾಠವನ್ನು ಕಲಿತ ಊರುಗಳು ಬೇರೆ ಇಲ್ಲ. ೨೦೦೮ರ ಏಪ್ರಿಲ್ ೧೮ರಂದು ಈ ಪಂದ್ಯಾವಳಿಯ ಮೊತ್ತಮೊದಲ ಪಂದ್ಯ ಬೆಂಗಳೂರಿನಲ್ಲಿ ನಡೆಯಿತು. ಕಲಕತ್ತೆಯ ಬ್ರೆಂಡನ್ ಮೆಕಲಮ್ ೧೫೮ ಹೊಡೆದರು. ಬೆಂಗಳೂರು ೮೨ಕ್ಕೆ ಮುಗಿಯಿತು. ಕಲಕತ್ತೆಯನ್ನು ಹಿಡಿಯುವವರಿಲ್ಲ ಎಂದರು. ಅದು ಎಂಟು ತಂಡಗಳಲ್ಲಿ ಆರನೆಯದಾಯಿತು. ಮರುದಿನ ರಾಜಸ್ಥಾನ ತಂಡ ದೆಹಲಿಯ ಕೈಯಲ್ಲಿ ಒಂಬತ್ತು ವಿಕೆಟ್ಟುಗಳಿಂದ ಸೋತಿತು. ಎಂಟರಲ್ಲಿ ಎಲ್ಲಕ್ಕಿಂತ ಅಗ್ಗಕ್ಕೆ ಹೋಗಿದ್ದ ತಂಡ ಅದು; ಅಗ್ಗದ ಮಾಲು ಹೀಗೆಯೇ ಎಂದರು. ಶೇನ್ ವಾರ್ನ್ ಅದೇ ತಂಡವನ್ನು ಕಟ್ಟಿಕೊಂಡು ಕಪ್ಪು ಗೆದ್ದರು.

ಆ ವರ್ಷ ಕಾಗದದ ಮೇಲೆ ಬಲಶಾಲಿಯಾಗಿದ್ದದ್ದು ನಮ್ಮ ಡೆಕ್ಕನ್ ಚಾರ್ಜರ್ಸ್. ಗಿಲ್‌ಕ್ರಿಸ್ಟ್, ಗಿಬ್ಸ್, ಸೈಮಂಡ್ಸ್, ಅಫ್ರಿದಿ, ತರುಣ ರೋಹಿತ್ ಶರ್ಮ, ಮೇಲೆ ನಮ್ಮೂರ ಲಕ್ಷ್ಮಣ್. ಹೆಸರುಗಳನ್ನು ಓದುತ್ತ ಹೋದರೆ ಮದುವೆಯ ಊಟದ ಪಟ್ಟಿಯಂತಿದ್ದಿತು. ಗೆದ್ದದ್ದು ಹದಿನಾಲ್ಕರಲ್ಲಿ ಎರಡು, ಕಡೆಯ ಸ್ಥಾನ. ಬೆಂಗಳೂರು ಅದಕ್ಕೆ ಒಂದು ಮೆಟ್ಟಿಲು ಮೇಲೆ, ಏಳನೆಯದು. ೨೦೦೯ರಲ್ಲಿ ಈ ಇಬ್ಬರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಸಲ ದಕ್ಷಿಣ ಆಫ್ರಿಕದಲ್ಲಿ ಪಂದ್ಯಾವಳಿ ನಡೆದು, ಮೇ ೨೪ರಂದು ಜೋಹಾನ್ಸ್‌ಬರ್ಗಿನಲ್ಲಿ ಅಂತಿಮ ಪಂದ್ಯಕ್ಕೆ ಇಳಿದವರು ಇವರಿಬ್ಬರೇ! ಅನಿಲ್ ಕುಂಬ್ಳೆ ೧೬ ರನ್ನಿಗೆ ೪ ವಿಕೆಟ್ಟು ಪಡೆದರೂ ಹೈದರಾಬಾದು ೬ ರನ್ನುಗಳಿಂದ ಗೆದ್ದಿತು. ಸೋತ ತಂಡದ ನಾಯಕನಿಗೆ ಅಂದಿನ ಉತ್ತಮ ಆಟಗಾರನೆಂಬ ಮನ್ನಣೆ ಸಿಕ್ಕಿದ್ದೊಂದೇ ನಮ್ಮ ಬೆಂಗಳೂರು ಪಕ್ಷದವರಿಗೆ ಸಮಾಧಾನ.

೨೦೧೬ರದು ಇನ್ನೂ ಸೊಗಸು. ಇಬ್ಬರ ಮೊದಲ ಪಂದ್ಯವೂ ಚಿನ್ನಸ್ವಾಮಿಯಲ್ಲಿ, ಪರಸ್ಪರರ ಮೇಲೆ. ಬೆಂಗಳೂರು ೪೫ ರನ್ನುಗಳಿಂದ ಗೆದ್ದಿತು. ಆ ಬಳಿಕ ಗೆದ್ದ ಬೆಂಗಳೂರು ಮೊದಲ ಏಳರಲ್ಲಿ ಐದು ಸೋತು ಕೆಳಗೆ ಬಿದ್ದು, ಮತ್ತೆ ಎದ್ದು ಅಂತಿಮ ಪಂದ್ಯದವರೆಗೆ ಬಂದಿತು. ಸೋತ ಹೈದರಾಬಾದು ಎರಡನೆಯ ಪಂದ್ಯವನ್ನೂ ಸೋತು, ನಿಧಾನವಾಗಿ ಸುಧಾರಿಸಿಕೊಂಡು ಅದೇ ಮೈದಾನಕ್ಕೆ ಮೇ ೨೯ರಂದು ಹಿಂತಿರುಗಿ, ಅದೇ ಎದುರಾಳಿಯನ್ನು ೮ ರನ್ನುಗಳಿಂದ ಸೋಲಿಸಿತು. ಮೊದಲ ದಿನದ ಪಂದ್ಯವನ್ನು ನೋಡಿ ಕೊನೆಯ ದಿನದ ಫಲವನ್ನು ಹೇಳಿದವರು ಯಾರಾದರೂ ಇದ್ದಲ್ಲಿ ಅವರು ಪಂಚಾಂಗ ಬರೆಯುವುದು ಮೇಲು.

ಏಕೆ ಹೀಗಾಗುತ್ತದೆ? ನಮಗೆ ತೋರಿದ ಒಂದು ಕಾರಣ ಬರಿಯ ಲೆಕ್ಕದ್ದು. ಮನೆಯ ಮಕ್ಕಳೇ ಪರೀಕ್ಷಿಸಿ ನೋಡಬಹುದು. ಹತ್ತು ಮಕ್ಕಳನ್ನು ಸಾಲಾಗಿ ಕೂರಿಸಿ, ಒಂದೊಂದು ನಾಣ್ಯ ಕೊಟ್ಟು, ನಾಲ್ಕು ನಾಲ್ಕು ಸಲ ಚಿಮ್ಮಿಸಿ. ಒಂದು ಮಗುವಿಗೆ ನಾಲ್ಕು ಸಲವೂ ಸಿಂಹವೇ ಬೀಳುವ ಸಂಭವ ಹದಿನಾರಕ್ಕೆ ಒಂದು. ಆದರೆ ಹತ್ತು ಮಂದಿಯಲ್ಲಿ ಯಾರಾದರೊಬ್ಬರಿಗೆ ಹಾಗೆ ಬೀಳುವ ಸಂಭವ ನೂರಕ್ಕೆ ನಲವತ್ತೇಳರ ಮೇಲೆ, ಅಂದರೆ ಬಹುಮಟ್ಟಿಗೆ ಅರ್ಧ. ಹತ್ತು ತಂಡಗಳೂ ಸಮಾನ ಬಲದವಾಗಿದ್ದರೂ ಒಂದು ತಂಡ ಸಾಲಾಗಿ ನಾಲ್ಕು ಗೆಲ್ಲುವುದು, ಇನ್ನೊಂದು ನಾಲ್ಕು ಸೋಲುವುದು ಸೋಜಿಗವಲ್ಲ. ನಾಣ್ಯವನ್ನು ಶೂರನೆಂದು ಯಾರೂ ಹೊಗಳುವುದಿಲ್ಲ, ತಂಡವನ್ನು ಹೊಗಳುತ್ತೇವೆ.

ಇನ್ನೊಂದು ಕಾರಣ ನೆಲದ್ದು. ಚೆಂಡು ಸರಾಗವಾಗಿ ದಾಂಡಿಗೆ ಬರುವ ಅಂಕಣದಲ್ಲಿ ೨೮೬ ಹೊಡೆದವರು, ಚೆಂಡು ನಿಂತು ನಿಂತು ಬರುವ ಅಂಕಣದಲ್ಲಿ ಅದೇ ಬೀಸು ಬೀಸಿದರೆ ಕ್ಯಾಚು ಕೊಡುತ್ತಾರೆ. ಜೊತೆಗೆ ಎದುರಾಳಿಗಳೇನು ಕಣ್ಣು ಮುಚ್ಚಿ ಕುಳಿತಿರುತ್ತಾರೆಯೇ? ಮೊದಲ ಪಂದ್ಯದ ಚಿತ್ರವನ್ನು ಹತ್ತು ಸಲ ತಿರುಗಿಸಿ ನೋಡಿ, ಯಾವ ದಾಂಡಿಗನಿಗೆ ಎಲ್ಲಿ ಚೆಂಡು ಹಾಕಬೇಕೆಂದು ಗುರುತು ಮಾಡಿಕೊಂಡೇ ಬರುತ್ತಾರೆ. ಮೂರನೆಯದು, ಹಿಂದಿನ ವರ್ಷದ ಹೆಸರು. ೨೦೨೪ರ ನವೆಂಬರಿನ ದೊಡ್ಡ ಹರಾಜಿನಲ್ಲಿ ಅರ್ಧಕ್ಕರ್ಧ ಆಟಗಾರರು ಅತ್ತಿತ್ತ ಹೋದರು. ತಂಡದ ಅಂಗಿ ಹಳೆಯದು, ಒಳಗಿನ ಮನುಷ್ಯರು ಹೊಸಬರು. ನಾವು ಮಾತ್ರ ಅಂಗಿಗೆ ಬೆಲೆ ಕಟ್ಟುತ್ತೇವೆ. ೨೦೨೪ರಲ್ಲಿ ಕಪ್ಪು ಗೆದ್ದ ಕಲಕತ್ತೆ ೨೦೨೫ರಲ್ಲಿ ಎಂಟನೆಯದಾಯಿತು.

ಮೊದಲ ವಾರ ಯಾವಾಗಲೂ ಸುಳ್ಳಾಡುತ್ತದೆಂದು ನಾವು ವಾದಿಸುವುದಿಲ್ಲ. ೨೦೨೪ರಲ್ಲಿ ಕಲಕತ್ತೆ ಮೊದಲ ಮೂರನ್ನು ಗೆದ್ದಿತು, ಕೊನೆಯದನ್ನೂ ಗೆದ್ದಿತು. ಆದರೆ ಅದೇ ವರ್ಷ ಬೆಂಗಳೂರು ಮೊದಲ ಎಂಟರಲ್ಲಿ ಏಳು ಸೋತು, ಏಪ್ರಿಲ್ ೨೫ರಂದು ಉಪ್ಪಲಿನಲ್ಲಿ ನಮ್ಮ ಹೈದರಾಬಾದನ್ನು ಸೋಲಿಸಿ, ಅಲ್ಲಿಂದ ಸಾಲಾಗಿ ಆರು ಗೆದ್ದು ನಾಲ್ಕನೆಯ ಸ್ಥಾನ ಹಿಡಿಯಿತು. ನಿಜವೋ ಸುಳ್ಳೋ ಎಂದು ಮೊದಲ ವಾರದಲ್ಲಿಯೇ ತಿಳಿಯುವ ಉಪಾಯವಿಲ್ಲ ಎಂಬುದಷ್ಟೆ ನಮ್ಮ ಮಾತು.

ಮನೆಯಲ್ಲಿ ಕುಳಿತು ಆಡುವ ಮಾತಿಗೆ ಇಷ್ಟೊಂದು ಚರ್ಚೆ ಏಕೆಂದು ಕೇಳಬಹುದು. ಆ ಮಾತು ಮನೆಯಲ್ಲಿಯೇ ಉಳಿಯುವುದಿಲ್ಲ. ೨೦೧೬ರಲ್ಲಿ ಹೈದರಾಬಾದಿಗೆ ಕಪ್ಪು ತಂದುಕೊಟ್ಟ ನಾಯಕ ಡೇವಿಡ್ ವಾರ್ನರ್. ೨೦೨೧ರಲ್ಲಿ ತಂಡ ಮೊದಲ ಆರರಲ್ಲಿ ಒಂದೇ ಗೆದ್ದಿತು. ಮೇ ೧ರಂದು ನಾಯಕತ್ವವನ್ನು ಅವರಿಂದ ಕಿತ್ತುಕೊಂಡು, ಮರುದಿನದ ಪಂದ್ಯಕ್ಕೆ ತಂಡದಿಂದಲೇ ಹೊರಗೆ ಕೂರಿಸಿದರು. ತಂಡ ಇದರಿಂದ ಉದ್ಧಾರವಾಯಿತೇ? ಹದಿನಾಲ್ಕರಲ್ಲಿ ಮೂರು ಗೆದ್ದು ಕಟ್ಟಕಡೆಗೆ ನಿಂತಿತು. ವಾರ್ನರರು ಅದೇ ನವೆಂಬರಿನಲ್ಲಿ ದುಬೈಯಲ್ಲಿ ಮುಗಿದ ವಿಶ್ವಕಪ್ಪಿನಲ್ಲಿ ಆಸ್ಟ್ರೇಲಿಯ ಪರವಾಗಿ ೨೮೯ ರನ್ನು ಹೊಡೆದು ಪಂದ್ಯಾವಳಿಯ ಉತ್ತಮ ಆಟಗಾರರೆನಿಸಿದರು. ಆರು ಪಂದ್ಯಗಳ ತೀರ್ಪಿನಿಂದ ಐದು ವರ್ಷಗಳ ಋಣ ತೀರಿಹೋಗಿತ್ತು. ದಾಂಡಿಗನನ್ನು ಕೈಬಿಟ್ಟದ್ದಕ್ಕಿಂತ ಕೈಬಿಟ್ಟ ರೀತಿ ಈ ಊರಿಗೆ ಒಪ್ಪುವಂಥದಾಗಿರಲಿಲ್ಲವೆಂದು ನಮಗೆ ಈಗಲೂ ಅನ್ನಿಸುತ್ತದೆ.

ಎರಡನೆಯ ಅಪಾಯ ಹಣದ್ದು. ತೆಲಂಗಾಣದಲ್ಲಿ ಆನ್‌ಲೈನ್ ಪಣದಾಟಗಳನ್ನು ೨೦೧೭ರಲ್ಲಿಯೇ ನಿಷೇಧಿಸಿದ್ದರು. ದೇಶಕ್ಕೆಲ್ಲ ಅನ್ವಯಿಸುವ ಶಾಸನ ೨೦೨೫ರ ಆಗಸ್ಟಿನಲ್ಲಿ ಬಂದಿತು. ಕಾಯಿದೆ ಬಂದ ಮಾತ್ರಕ್ಕೆ ಕಳ್ಳದಾರಿ ಮುಚ್ಚುವುದಿಲ್ಲ. ತಿಂಗಳ ಸಂಬಳದಲ್ಲಿ ಮನೆ ಬಾಡಿಗೆ, ಊರಿಗೆ ಕಳಿಸುವ ಹಣ, ಮಕ್ಕಳ ಫೀಜು ಎಂದು ಎಣಿಸಿ ಎಣಿಸಿ ಇಡುವ ವಲಸೆಯ ಸಂಸಾರದಲ್ಲಿ, ಹಾಸ್ಟೆಲಿನ ಹುಡುಗನೊಬ್ಬ ‘ಈ ಸಲ ನಮ್ಮವರನ್ನು ತಡೆಯುವವರಿಲ್ಲ’ ಎಂಬ ಮೊದಲ ವಾರದ ಮಾತನ್ನು ನಂಬಿ ಕೈ ಸುಟ್ಟುಕೊಂಡರೆ ಅದನ್ನು ತುಂಬಿಕೊಡುವವರು ಯಾರು?

ಆದುದರಿಂದ ವಾಚಕರ ಮನೆಗಳಿಗೆ ನಮ್ಮದೊಂದು ಸಲಹೆ. ಇದರಲ್ಲಿ ಒಂದು ಪೈಸೆಯ ಪಣವೂ ಇಲ್ಲ. ಮುಂದಿನ ಪಂದ್ಯಾವಳಿಯ ಹಿಂದಿನ ರಾತ್ರಿ ಮನೆಯ ಪ್ರತಿಯೊಬ್ಬರೂ, ಅಜ್ಜಿಯೂ ಸೇರಿ, ಹತ್ತು ತಂಡಗಳ ಹೆಸರನ್ನು ತಮಗೆ ತೋರಿದ ಕ್ರಮದಲ್ಲಿ ಒಂದು ಚೀಟಿಯಲ್ಲಿ ಬರೆದು ಮಡಿಸಿ ಡಬ್ಬಿಯಲ್ಲಿ ಹಾಕಲಿ. ಪ್ರತಿ ತಂಡವೂ ಏಳು ಪಂದ್ಯ ಆಡಿದ ಮೇಲೆ, ಅಂದರೆ ಅರ್ಧ ಹಾದಿ ಕಳೆದ ಮೇಲೆ, ಇನ್ನೊಂದು ಚೀಟಿ ಬರೆಯಲಿ. ಕೊನೆಯಲ್ಲಿ ಎರಡನ್ನೂ ತೆಗೆದು ಯಾರ ಯಾವ ಚೀಟಿ ನಿಜಕ್ಕೆ ಹತ್ತಿರವೆಂದು ಮಕ್ಕಳು ಎಣಿಸಲಿ. ಫಲಿತಾಂಶವನ್ನು ಸಂಘದ ವಿಳಾಸಕ್ಕೆ ಕಳುಹಿಸಿದರೆ ಪಂದ್ಯಾವಳಿ ಮುಗಿದ ಬಳಿಕದ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಮೊದಲ ಚೀಟಿಯನ್ನು ನಡುವೆ ತೆಗೆದು ತಿದ್ದುವಂತಿಲ್ಲ. ಈ ನಿಯಮ ಮುಖ್ಯವಾಗಿ ಮನೆಯ ಯಜಮಾನರಿಗೆ.