ವೈಡ್ ಆ್ಯಂಗಲ್ ಕೊಳ್ಳುವ ಮುನ್ನ ಒಂದು ಲೆಕ್ಕ

ವಿಡಿಯೊ ತೆಗೆಯುವ ಹವ್ಯಾಸ ಹತ್ತಿಸಿಕೊಂಡ ವಿದ್ಯಾರ್ಥಿಗಳ ಮನೆಯಲ್ಲಿ, ಕ್ಯಾಮೆರಾ ಬಂದ ಮೂರ್ನಾಲ್ಕು ತಿಂಗಳಿಗೆ ಎರಡನೆಯ ಬೇಡಿಕೆ ಏಳುವುದು ಸಾಮಾನ್ಯ. 'ಅಪ್ಪಾ, ಹೊರಗಡೆ ಹೋದರೆ ಇದರಲ್ಲಿ ಎಲ್ಲಾ ಹಿಡಿಸೋದಿಲ್ಲ. ವೈಡ್ ಆ್ಯಂಗಲ್ ಲೆನ್ಸ್ ಬೇಕು' ಎನ್ನುತ್ತಾಳೆ ಮಗಳು. ಕ್ಯಾಮೆರಾದ ಕಂತೇ ಇನ್ನೂ ತೀರಿರುವುದಿಲ್ಲ. ಅಪ್ಪನಿಗೆ ಲೆನ್ಸಿನ ಗಂಧಗಾಳಿ ಇಲ್ಲ, ಮಗಳಿಗೆ ಅಂಗಡಿಯವರ ಮಾತೇ ವೇದವಾಕ್ಯ. ಹಣ ಬಿಚ್ಚುವ ಮೊದಲು ಇಬ್ಬರೂ ಕುಳಿತು ಮಾಡಬಹುದಾದ ಲೆಕ್ಕವೊಂದಿದೆ. ಹೈಸ್ಕೂಲಿನ ಸಮರೂಪ ತ್ರಿಭುಜಗಳು ನೆನಪಿದ್ದರೆ ಸಾಕು.

ಲೆನ್ಸಿನ ಮೇಲೆ 18, 50 ಎಂದು ಮಿಲಿಮೀಟರಿನಲ್ಲಿ ಬರೆದಿರುವುದು ಅದರ ಸಂಗಮದೂರ. ಈ ಅಂಕಿ ಇಳಿದಷ್ಟೂ ನೋಟದ ಹರವು ಹೆಚ್ಚು. ಆದರೆ ಹರವನ್ನು ಈ ಅಂಕಿಯೊಂದೇ ತೀರ್ಮಾನಿಸುವುದಿಲ್ಲ. ಲೆನ್ಸಿನ ಹಿಂದೆ ಕುಳಿತ ಸೆನ್ಸರಿನ ಅಗಲಕ್ಕೂ ಅಷ್ಟೇ ಪಾಲಿದೆ. ಸೆನ್ಸರಿನ ಅಗಲವನ್ನು ಸಂಗಮದೂರದಿಂದ ಭಾಗಿಸಿ, ಎದುರಿನ ದೃಶ್ಯ ಇರುವ ದೂರದಿಂದ ಗುಣಿಸಿದರೆ, ಅಲ್ಲಿ ಎಷ್ಟು ಅಗಲದ ಜಾಗ ಚೌಕಟ್ಟಿಗೆ ಸಿಗುತ್ತದೆಂದು ತಿಳಿಯುತ್ತದೆ. ಕ್ಯಾನನ್ ಕಂಪನಿಯ ಎಪಿಎಸ್-ಸಿ ಮಾದರಿಯ ಕ್ಯಾಮೆರಾಗಳಲ್ಲಿ ಸೆನ್ಸರಿನ ಅಗಲ ಸುಮಾರು 22.3 ಮಿಲಿಮೀಟರ್. ಕ್ಯಾಮೆರಾ ಜೊತೆಗೇ ಬರುವ 18-55 ಲೆನ್ಸನ್ನು 18ಕ್ಕೆ ಇಟ್ಟರೆ, 10 ಮೀಟರ್ ದೂರದಲ್ಲಿ ಸುಮಾರು 12.4 ಮೀಟರ್ ಅಗಲ ಸಿಗುತ್ತದೆ. 10 ಮಿಲಿಮೀಟರ್ ಲೆನ್ಸಿನಲ್ಲಿ 22.3 ಮೀಟರ್. ಅಂದರೆ ಹೆಚ್ಚುಕಡಿಮೆ ಇಮ್ಮಡಿ.

ಇಷ್ಟು ನೋಡಿದರೆ ಮಗಳ ಮಾತೇ ಸರಿ ಎನಿಸುತ್ತದೆ. ತೊಡಕಿರುವುದು ಮುಂದೆ. ಸ್ಥಿರಚಿತ್ರ ತೆಗೆಯುವಾಗ ಕ್ಯಾಮೆರಾ ತನ್ನ ಸೆನ್ಸರಿನ ಪೂರ್ತಿ ಅಗಲವನ್ನು ಬಳಸುತ್ತದೆ. ವಿಡಿಯೊದಲ್ಲಿ ಎಲ್ಲ ಕ್ಯಾಮೆರಾಗಳೂ ಹಾಗೆ ಮಾಡುವುದಿಲ್ಲ. 2018ರಲ್ಲಿ ಬಂದ ಕ್ಯಾನನ್ ಎಂ50 ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ 4ಕೆ ವಿಡಿಯೊ ಆಯ್ದುಕೊಂಡರೆ ಚಿತ್ರ ಇನ್ನೂ 1.6 ಪಟ್ಟು ಕಿರಿದಾಗುತ್ತದೆ, 22.3 ಮಿಲಿಮೀಟರಿನಲ್ಲಿ ಬಳಕೆಯಾಗುವುದು ಸುಮಾರು 14 ಮಾತ್ರ. ಅದರ ಜೊತೆಗೆ ಬರುತ್ತಿದ್ದ ಲೆನ್ಸಿನ ಕನಿಷ್ಠ ಅಂಕಿ 15. ಅದೇ 10 ಮೀಟರಿನಲ್ಲಿ ಫೋಟೊಕ್ಕೆ 14.9 ಮೀಟರ್ ಅಗಲ ಕೊಡುವ ಲೆನ್ಸು 4ಕೆ ವಿಡಿಯೊಕ್ಕೆ ಕೊಡುವುದು 9.3 ಮೀಟರ್. ಲೆನ್ಸು ಅದೇ, ನಿಂತ ಜಾಗವೂ ಅದೇ. ಐದೂವರೆ ಮೀಟರ್ ಮಾಯ! ಕೈನಡುಕ ತಡೆಯುವ ಎಲೆಕ್ಟ್ರಾನಿಕ್ ಸೌಲಭ್ಯವನ್ನು ಹಾಕಿದರೆ ಅಂಚು ಮತ್ತಷ್ಟು ಕತ್ತರಿಸಿಹೋಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಫೋಟೊ ತೆಗೆದು ನೋಡಿ ತೃಪ್ತಿಪಡುವುದು ವ್ಯರ್ಥ. ಮುಂದೆ ಯಾವ ಬಗೆಯ ವಿಡಿಯೊ ತೆಗೆಯಲಿದ್ದಾರೋ ಅದನ್ನೇ ಇಟ್ಟು ನೋಡಬೇಕು. ಎಷ್ಟೋ ಬಾರಿ ಮೆನುವಿನಲ್ಲಿ 4ಕೆಯಿಂದ ಸಾಧಾರಣ ಎಚ್‌ಡಿಗೆ ಇಳಿದರೆ ಬೇಕಾದ ಅಗಲ ಪುಕ್ಕಟೆಯಾಗಿ ವಾಪಸು ಬರುತ್ತದೆ.

ಇನ್ನು 'ಎಲ್ಲಾ ಹಿಡಿಸಬೇಕು' ಎಂಬ ಆಸೆಯ ವಿಚಾರ. ಅಗಲ ಹೆಚ್ಚಿದಂತೆ ಒಳಗಿರುವುದೆಲ್ಲ ಚಿಕ್ಕದಾಗುತ್ತದೆ. 10 ಮೀಟರ್ ದೂರದಲ್ಲಿ ನಿಂತ ವ್ಯಕ್ತಿ 18ರಲ್ಲಿ ಚೌಕಟ್ಟಿನ ಎತ್ತರದ ಕಾಲು ಭಾಗ ತುಂಬಿದರೆ, 10ರಲ್ಲಿ ಏಳನೇ ಒಂದು ಭಾಗಕ್ಕೆ ಇಳಿಯುತ್ತಾನೆ. ಜೋಗದಲ್ಲಿ ಶರಾವತಿ ಬೀಳುವುದು 253 ಮೀಟರ್ ಎತ್ತರದಿಂದ. ಎದುರಿನ ವೀಕ್ಷಣಾ ಸ್ಥಳದಲ್ಲಿ ನಿಂತು ಅತಿ ಅಗಲದ ಲೆನ್ಸಿನಲ್ಲಿ ತೆಗೆದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಬಂಡೆಯ ಮೇಲೆ ಸುಣ್ಣದ ಗೆರೆ ಎಳೆದಂತೆ ಕಾಣುತ್ತವೆ. ಆ ಭೋರ್ಗರೆತದ ಗಾತ್ರ ತೋರಿಸಲು 50ರ ಲೆನ್ಸೇ ವಾಸಿ. ವೈಡ್ ಲೆನ್ಸಿಗೆ ತೀರ ಹತ್ತಿರದಲ್ಲಿ ಏನಾದರೂ ಬೇಕು: ಒದ್ದೆಯಾದ ಕಟಕಟೆ, ಛತ್ರಿ ಹಿಡಿದ ಮಗು, ಜೋಳದ ತೆನೆ ಸುಡುವ ಒಲೆ. ಹತ್ತಿರದ್ದನ್ನು ದೊಡ್ಡದು ಮಾಡಿ ದೂರದ್ದನ್ನು ಹಿಂದಕ್ಕೆ ತಳ್ಳುವುದೇ ಅದರ ಗುಣ. 1941ರ 'ಸಿಟಿಜನ್ ಕೇನ್' ಚಿತ್ರದಲ್ಲಿ ಛಾಯಾಗ್ರಾಹಕ ಗ್ರೆಗ್ ಟೋಲಂಡ್ ವೈಡ್ ಲೆನ್ಸುಗಳನ್ನು ದುಡಿಸಿಕೊಂಡದ್ದು ಹೀಗೆಯೇ. ಮುಂದಿನ ಪಾತ್ರವೂ ಕೋಣೆಯಾಚೆಯ ಪಾತ್ರವೂ ಏಕಕಾಲಕ್ಕೆ ಸ್ಪಷ್ಟ.

ಹಾಗಾದರೆ ವೈಡ್ ಲೆನ್ಸ್ ನಿಜವಾಗಿ ಬೇಕಾಗುವುದು ಎಲ್ಲಿ? ಹಿಂದೆ ಸರಿಯಲು ಜಾಗವಿಲ್ಲದ ಕಡೆ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 57 ಅಡಿ, ಎಂದರೆ 17 ಮೀಟರಿಗೂ ಮಿಕ್ಕು ಎತ್ತರ. ಮೇಲಿನ ಸೂತ್ರದಲ್ಲಿ ಅಗಲದ ಬದಲು ಸೆನ್ಸರಿನ ಎತ್ತರ ಹಾಕಿ ನೋಡಿದರೆ, 18ರ ಲೆನ್ಸಿಗೆ 25 ಮೀಟರ್ ಹಿಂದೆ ಹೋಗಬೇಕು, 10ಕ್ಕೆ 14 ಸಾಕು. ಬೆಟ್ಟದ ಮೇಲಿನ ಪ್ರಾಂಗಣದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಆದರೂ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಲೇಬೇಕಲ್ಲ? ಆಗ ಪಾದ ದಪ್ಪವಾಗಿ ಮುಖ ಚಿಕ್ಕದಾಗುತ್ತದೆ. ಗೊಮ್ಮಟನ ಮುಖದ ಮಂದಹಾಸವೇ ಮುಖ್ಯವೆನ್ನುವವರು ದೂರ ನಿಂತು ಬೇರೆ ಲೆನ್ಸಿನಲ್ಲಿ ಅದನ್ನು ಪ್ರತ್ಯೇಕವಾಗಿ ತೆಗೆಯುವುದು ಮೇಲು. ಸಹಪಾಠಿಗಳ ಗುಂಪನ್ನು ತೆಗೆಯುವಾಗಲೂ ಅಷ್ಟೆ. ಅಂಚಿನಲ್ಲಿ ನಿಂತವರ ಮುಖ ಕುಂಬಳಕಾಯಿಯಂತೆ ಎಳೆದುಕೊಳ್ಳುತ್ತದೆ. ಬೈಸಿಕೊಳ್ಳುವುದು ಕ್ಯಾಮೆರಾ ಹಿಡಿದವರು.

ಹೊರಾಂಗಣ ಎಂದ ಮೇಲೆ ಬಿಸಿಲಿನ ಲೆಕ್ಕವೂ ಉಂಟು. ಸೆಕೆಂಡಿಗೆ 25 ಚಿತ್ರಗಳ ವಿಡಿಯೊದಲ್ಲಿ ಚಲನೆ ಸಹಜವಾಗಿ ಕಾಣಲು ಷಟರ್ ವೇಗ ಸೆಕೆಂಡಿನ 50ನೇ ಒಂದು ಭಾಗ ಇರಬೇಕೆಂಬುದು ವೃತ್ತಿಯವರ ವಾಡಿಕೆ. ಸುಡುಬಿಸಿಲಿನಲ್ಲಿ, ಐಎಸ್ಒ 100 ಇದ್ದರೂ, ಇದಕ್ಕೆ ಅಪರ್ಚರನ್ನು 22ರವರೆಗೆ ಮುಚ್ಚಬೇಕಾಗುತ್ತದೆ. ಅಷ್ಟು ಮುಚ್ಚಿದರೆ ಚಿತ್ರದ ಮೊನಚು ಹೋಗುತ್ತದೆ. 5.6ಕ್ಕೆ ತೆರೆದುಕೊಳ್ಳಬೇಕಾದರೆ ಬೆಳಕನ್ನು 16ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ ಫಿಲ್ಟರ್ ಬೇಕು. ಲೆನ್ಸಿಗೊಂದು ತಂಪು ಕನ್ನಡಕ ಎನ್ನಿ. ಆದರೆ ಅತಿ ಅಗಲದ ಕೆಲವು ಲೆನ್ಸುಗಳ ಮುಂದಿನ ಗಾಜು ಕಪ್ಪೆಯ ಕಣ್ಣಿನಂತೆ ಉಬ್ಬಿರುತ್ತದೆ. ನಿಕಾನ್ 2007ರಲ್ಲಿ ತಂದ 14-24 ಹೆಸರುವಾಸಿ ಲೆನ್ಸು, ಆದರೆ ಅದಕ್ಕೆ ತಿರುಪಿನ ಫಿಲ್ಟರ್ ಕೂರದು. ಕೊಳ್ಳುವಾಗ ಮುಂಭಾಗದಲ್ಲಿ ತಿರುಪು ಇದೆಯೇ ಎಂದು ಬೆರಳಾಡಿಸಿ ನೋಡುವುದು ಬೆಲೆ ಚೌಕಾಸಿಗಿಂತ ಮುಖ್ಯ. ತಿರುಗಿಸಿ ಕಪ್ಪು ಹೆಚ್ಚಿಸುವ ಫಿಲ್ಟರುಗಳು ವೈಡ್ ಲೆನ್ಸಿನಲ್ಲಿ ಆಕಾಶಕ್ಕೆ ಅಡ್ಡಾದಿಡ್ಡಿ ಗುಣಾಕಾರದ ಕಪ್ಪು ಗುರುತು ಬಳಿಯುವುದುಂಟು. ಪೋಲರೈಸರ್ ಹಾಕಿದರೆ ಆಕಾಶದ ಒಂದು ಪಟ್ಟಿ ಮಾತ್ರ ಗಾಢ ನೀಲಿಯಾಗಿ ಉಳಿದದ್ದು ಪೇಲವವಾಗುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಬೇಕೇಬೇಕು ಎನಿಸಿದರೆ, ಎರಡು ಭಾನುವಾರ ಇರುವ ಲೆನ್ಸನ್ನು ಅದರ ಕನಿಷ್ಠ ಅಂಕಿಗೇ ಇಟ್ಟು ಹೊರಗೆ ವಿಡಿಯೊ ತೆಗೆಯಲಿ. ಹಿಂದೆ ಸರಿಯಲಾಗದೆ ಸಿಕ್ಕಿಕೊಂಡದ್ದು ಎಷ್ಟು ಸಲ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಒಂದೆರಡೇ ಸಲವಾದರೆ ಅಪ್ಪನ ಜೇಬು ಉಳಿಯಿತು. ಹತ್ತಾರು ಸಲವಾದರೆ ಬೇಡಿಕೆ ನ್ಯಾಯವಾದದ್ದೇ. ಆಗಲೂ ಮೊದಲು ಒಂದು ದಿನದ ಬಾಡಿಗೆಗೆ ತಂದು ನೋಡುವುದು ಲೇಸು; ದೊಡ್ಡ ಊರುಗಳಲ್ಲಿ ಲೆನ್ಸುಗಳು ಬಾಡಿಗೆಗೆ ಸಿಗುತ್ತವೆ. ತರುವಾಗ ಫಿಲ್ಟರಿನ ಅಳತೆ ಕೇಳಲು ಮರೆಯಬಾರದು. 67 ಮಿಲಿಮೀಟರ್ ಬಾಯಿಗೆ 58ರ ಫಿಲ್ಟರ್ ಕೂರುವುದಿಲ್ಲ. ದೊಡ್ಡದನ್ನು ಕೊಂಡರೆ ಒಂದು ಉಂಗುರದ ಸಹಾಯದಿಂದ ಎರಡಕ್ಕೂ ಆಗುತ್ತದೆ.