ಗುಡ್ಡ, ಬಸವ, ಹೊಳೆ

ಬಳ್ಳಾರಿಯ ಒಂದು ದಿನದ ವಿಹಾರಕ್ಕೆ ಹೊರಟವರು ಸೂರ್ಯೋದಯಕ್ಕೆ ಮೊದಲೇ ಕೋಟೆಯ ಗುಡ್ಡವನ್ನೇರತಕ್ಕದ್ದು. ಹೊತ್ತೇರಿದರೆ ಆ ಬಂಡೆ ಕಾದ ಹೆಂಚು. ಎದುರಿನ ಕುಂಬಾರ ಗುಡ್ಡವೇ ಹೆಚ್ಚು ಎತ್ತರವೆಂದರಿತ ಹೈದರಾಲಿ, ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂದು ಮಾರ್ಗದರ್ಶಿ ಹೇಳಿಯೇ ಹೇಳುತ್ತಾನೆ, ಐತಿಹ್ಯವೆಂದು ಕೇಳಿದರಾಯಿತು. ಇಳಿದೊಡನೆ ಕಾಫಿ. ಬೀಜ ಮಲೆನಾಡಿನದು, ರುಚಿ ಗುಡ್ಡ ಹತ್ತಿದ ಆಯಾಸದ್ದು. ಮಕ್ಕಳ ಚಾಕೊಲೇಟು ಮಾತ್ರ ಕುರುಗೋಡು ಸೇರುವಷ್ಟರಲ್ಲಿ ಪಾಯಸ! ಅಲ್ಲಿನ ದೊಡ್ಡಬಸವೇಶ್ವರನ ಏಕಶಿಲಾಮೂರ್ತಿಯ ಮುಂದೆ ಆ ಅಳುವೂ ನಿಲ್ಲುತ್ತದೆ.

ಮಧ್ಯಾಹ್ನ ಸಿರುಗುಪ್ಪದ ಬಳಿ ತುಂಗಭದ್ರೆಯನ್ನು ಕಂಡರೆ ಈಜುವ ಆಸೆ ಸಹಜವೇ. ಆದರೆ ಮೇಲ್ಗಡೆ ಹೊಸಪೇಟೆಯ ಅಣೆಕಟ್ಟಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಗೇಟೇ ಕೊಚ್ಚಿಹೋಗಿತ್ತು. ನೀರು ಬಿಟ್ಟಾಗ ಹೊಳೆ ಯಾರನ್ನೂ ಕೇಳಿ ಏರುವುದಿಲ್ಲ. ಸಾಲದ್ದಕ್ಕೆ ಮೊಸಳೆಗಳೂ ಉಂಟು. ಮಕ್ಕಳು ಎಷ್ಟೇ ಹಟ ಹಿಡಿಯಲಿ, ಈಜು ಊರಿಗೆ ಮರಳಿದ ಮೇಲೆ, ಕಾವಲಿರುವ ಕೊಳದಲ್ಲಿ.