ಕಪಿಲೆಯ ನೆರೆ: ಲೆಕ್ಕ ಎಷ್ಟಿರಬೇಕು?

ವಯನಾಡಿನಲ್ಲಿ ಮಳೆ ಜೋರಾಗಿ ಕಬಿನಿ ಜಲಾಶಯದ ಗೇಟು ತೆರೆದರೆ ನಂಜನಗೂಡಿನಲ್ಲಿ ಕಪಿಲೆ, ಅಂದರೆ ಕಬಿನಿ ನದಿ, ಉಕ್ಕುತ್ತಾಳೆ. ಸ್ನಾನಘಟ್ಟದ ಹತ್ತಿರದ ಹದಿನಾರು ಕಾಲು ಮಂಟಪ ಮುಳುಗತೊಡಗುತ್ತದೆ. 2019ರ ಆಗಸ್ಟ್‌ನಲ್ಲಿ ಮೈಸೂರು–ಊಟಿ ರಸ್ತೆಯನ್ನೂ ನೀರು ಆವರಿಸಿತ್ತು. ಇಂಥ ನೆರೆಯನ್ನು ಕಂಪ್ಯೂಟರ್ ಪರದೆಗೆ ತರುವವರು ಮೊದಲು ತೀರ್ಮಾನಿಸಬೇಕಾದದ್ದು, ನೀರಿನ ಚಲನೆಯನ್ನು ಪೂರ್ತಿ ಲೆಕ್ಕ ಹಾಕಬೇಕೆ, ಚುಟುಕಾಗಿ ಮುಗಿಸಬೇಕೆ ಎಂಬುದನ್ನು.

ಒಂದು ಕಿಲೋಮೀಟರ್ ಉದ್ದ, ಅಷ್ಟೇ ಅಗಲ, 20 ಮೀಟರ್ ಎತ್ತರದ ಜಾಗವನ್ನು ಒಂದೊಂದು ಮೀಟರಿನ ಘನಗಳಾಗಿ ಸೀಳಿದರೆ 2 ಕೋಟಿ ಕೋಶಗಳಾಗುತ್ತವೆ. ಇನ್ನೂ ಸ್ಪಷ್ಟತೆ ಬೇಕೆಂದು ಅಳತೆಯನ್ನು ಅರ್ಧಕ್ಕಿಳಿಸಿದರೆ ಕೋಶಗಳು 16 ಕೋಟಿ. ಚಿಕ್ಕ ಕೋಶವನ್ನು ಅಲೆ ಬೇಗ ದಾಟುವುದರಿಂದ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕು. ಒಟ್ಟು ಕೆಲಸ 16 ಪಟ್ಟು ಹೆಚ್ಚುತ್ತದೆ. ಚುಟುಕು ದಾರಿಯಲ್ಲಿ ಆಳವನ್ನು ಸೀಳುವುದೇ ಇಲ್ಲ. ಪ್ರತಿ ಚದರ ಮೀಟರಿಗೆ ನೀರಿನ ಮಟ್ಟ ಒಂದು, ವೇಗ ಒಂದು. ಕೋಶಗಳು 10 ಲಕ್ಷಕ್ಕೆ ಇಳಿಯುತ್ತವೆ, ಗ್ರಾಫಿಕ್ಸ್ ಕಾರ್ಡ್ ಅದನ್ನು ಸಲೀಸಾಗಿ ನಿಭಾಯಿಸುತ್ತದೆ. ಇದನ್ನು ಕಣ್ಕಟ್ಟು ಎಂದು ತಳ್ಳಿಹಾಕುವಂತಿಲ್ಲ. ನೀರು ಯಾವ ಬೀದಿಯವರೆಗೆ ಬಂದೀತು ಎಂದು ನಕ್ಷೆ ಬರೆಯುವ ಎಂಜಿನಿಯರುಗಳೂ ಬಹುಪಾಲು ಇದೇ ಚುಟುಕು ದಾರಿಯ ಸಮೀಕರಣಗಳನ್ನು ಬಳಸುತ್ತಾರೆ.

ಆದರೆ ಮಂಟಪದ ಕಂಬದ ಬುಡಕ್ಕೆ ಬಂದರೆ ಈ ದಾರಿ ಸೋಲುತ್ತದೆ. ಕಂಬಕ್ಕೆ ಬಡಿದ ನೀರು ಕೆಳಕ್ಕಿಳಿದು, ಬುಡ ಬಳಸಿ ಸುತ್ತಿ, ಮಣ್ಣು ಕೊರೆಯುತ್ತದೆ. ಮೇಲಿನಿಂದ ತಳದವರೆಗೆ ಒಂದೇ ವೇಗ ಎಂದುಕೊಂಡ ಲೆಕ್ಕದಲ್ಲಿ ಆ ಸುತ್ತುವಿಕೆಗೆ ಜಾಗವೇ ಇಲ್ಲ. ತಿರುಮಕೂಡಲು ನರಸೀಪುರದಲ್ಲಿ ಕಬಿನಿ ಕಾವೇರಿಯನ್ನು ಕೂಡುವಲ್ಲಿ ಸುಳಿಯ ಪ್ರಶ್ನೆ ಇನ್ನೂ ಗಂಭೀರ. ಬೇರೆ ಬೇರೆ ವೇಗದ ಎರಡು ಹರಿವುಗಳು ಉಜ್ಜಿಕೊಂಡಲ್ಲಿ ಸುಳಿ ಹುಟ್ಟುತ್ತದೆ. ಪೂರ್ತಿ ಲೆಕ್ಕದಲ್ಲೂ ಅದು ಉಳಿಯುವ ಖಾತ್ರಿಯಿಲ್ಲ. 1999ರಲ್ಲಿ ಗ್ರಾಫಿಕ್ಸ್ ಸಂಶೋಧಕ ಯೋಸ್ ಸ್ಟಾಮ್ ತೋರಿಸಿದ ವಿಧಾನ ಕಾಲದ ಹೆಜ್ಜೆ ಎಷ್ಟು ದೊಡ್ಡದಾದರೂ ಲೆಕ್ಕ ಸಿಡಿಯದಂತೆ ನೋಡಿಕೊಂಡಿತು. ಗ್ರಾಫಿಕ್ಸ್ ಲೋಕ ಅದಕ್ಕೆ ಬಹಳ ಋಣಿ. ಅದರ ಬೆಲೆಯೆಂದರೆ, ಹೆಜ್ಜೆಹೆಜ್ಜೆಗೂ ಸರಾಸರಿಯಾಗುತ್ತಾ ಸಣ್ಣ ಸುಳಿಗಳು ಅಳಿಸಿಹೋಗುತ್ತವೆ. ಅವನ್ನು ಮತ್ತೆ ಬಲಪಡಿಸುವ ಉಪಾಯವೂ 2001ರಲ್ಲಿ ಗ್ರಾಫಿಕ್ಸ್‌ಗೆ ಬಂತು. ಆದರೆ ಅಲ್ಲಿ ಸುಳಿಯ ಜೋರನ್ನು ನಿರ್ಧರಿಸುವುದು ಕಲಾವಿದನ ಕೈ, ನದಿಯಲ್ಲ. ಸಿನಿಮಾಕ್ಕೆ ಅಷ್ಟು ಸಾಕು. 2025ರ ಫೆಬ್ರವರಿಯಲ್ಲಿ ನರಸೀಪುರದ ಕುಂಭಮೇಳದಲ್ಲಿ ಜನ ಮುಳುಗೆದ್ದ ಸಂಗಮವನ್ನು ನಿಜಕ್ಕಿಂತ ಶಾಂತವಾಗಿ ತೋರಿಸಿ, ಅದನ್ನೇ ಸುರಕ್ಷತೆಯ ಮಾಹಿತಿ ಎನ್ನುವುದು ಮಾತ್ರ ತಪ್ಪು.

ಕಾವೇರಿ ದಂಡೆಯ ತಲಕಾಡಿನ ಮರಳಿಗೆ ಬಂದರೆ ವಾದ ಇನ್ನೊಂದು ಕಡೆಗೆ ವಾಲುತ್ತದೆ. ಒಂದು ಘನ ಮೀಟರಿನಲ್ಲೇ ನೂರಾರು ಕೋಟಿ ಕಣಗಳು. ಒಂದೊಂದನ್ನೂ ಲೆಕ್ಕ ಹಾಕುತ್ತ ಕೂರಲಾಗದು. ಹಾಗಾಗಿ ಗ್ರಾಫಿಕ್ಸ್‌ನವರು ಮರಳನ್ನು ಒಂದೇ ರಾಶಿಯಾಗಿ ಭಾವಿಸಿ, ಅದು ಯಾವ ಒತ್ತಡಕ್ಕೆ ಜಾರುತ್ತದೆ ಎಂಬ ನಿಯಮದಿಂದಲೇ ಕುಸಿತವನ್ನು ನಂಬುವಂತೆ ತೋರಿಸುತ್ತಿದ್ದಾರೆ.

ಪೂರ್ತಿ ಲೆಕ್ಕದ ಪರವಾಗಿರುವವರು ಮರೆಯುವ ಸಂಗತಿಯೂ ಒಂದಿದೆ. ಪ್ರತಿ ನೆರೆಯೂ ಮರಳು ಹೊತ್ತು ತಂದು ನದಿಯ ತಳವನ್ನೇ ಬದಲಿಸುತ್ತದೆ. ತಳದ ಅಳತೆ ಹಳೆಯದಾದರೆ 2 ಕೋಟಿ ಕೋಶಗಳೂ ಅಚ್ಚುಕಟ್ಟಾಗಿ ತಪ್ಪು ಉತ್ತರವನ್ನೇ ಕೊಡುತ್ತವೆ. ಹಾಗಾಗಿ ನನ್ನ ಒಲವು ಇಡೀ ನದಿಗೆ ಚುಟುಕು ಲೆಕ್ಕದ ಕಡೆಗೆ; ಪೂರ್ತಿ ಲೆಕ್ಕ ಮಂಟಪ ಮತ್ತು ಸಂಗಮದ ಸುತ್ತ ಮಾತ್ರ ಸಾಕು. ಉಳಿದ ಹಣ ನದಿಯ ತಳವನ್ನು ಹೊಸದಾಗಿ ಅಳೆಯಲು ಹೋಗಲಿ. ಇಂಥ ಚಿತ್ರವನ್ನು ಜನರ ಮುಂದಿಡುವವರು ಯಾವ ಭಾಗವನ್ನು ಲೆಕ್ಕ ಹಾಕಿದ್ದೇವೆ, ಯಾವುದನ್ನು ಅಂದಕ್ಕೆ ಸೇರಿಸಿದ್ದೇವೆ ಎಂಬುದನ್ನು ಪರದೆಯ ಮೇಲೆಯೇ ಕನ್ನಡದಲ್ಲಿ ಬರೆಯಲಿ.